ಈ ವಾರದ ಸಮಸ್ಯೆ: ‘ನರಪೇತಲನೇ ಗೆದ್ದನು ಕುಸ್ತಿಯ’

ಪುಣೆಯಿಂದ:
ಎಂದಿನಂತೆ ಸಮಸ್ಯಾಪೂರಣ, ಅಂದರೆ ಕೊಟ್ಟ ಅಸಂಭವದ ಸಾಲಿಗೆ ಅರ್ಥ ಕೂಡುವಂತೆ ಪದ್ಯ ಕಟ್ಟುವ ಆಟ. ನಾಲ್ಕನೇ ಸಾಲು ಕೊಟ್ಟಿದ್ದೇನೆ, ಮೇಲಿನ ಮೂರು ನಿಮ್ಮವು. ಸಾಲಿಗೆ ನಾಲ್ಕು ಗಣ, ಗಣಕ್ಕೆ ನಾಲ್ಕು ಮಾತ್ರೆ. ಪ್ರತಿ ಸಾಲಿನ ಎರಡನೇ ಅಕ್ಷರ ರಕಾರ, ಅದಕ್ಕೆ ಮೊದಲಿನದು ಹ್ರಸ್ವ, ಅಂದರೆ ಸಿಂಹಪ್ರಾಸ. ನರಪೇತಲ ಅಂದರೆ ಮೈಯಲ್ಲಿ ಮಾಂಸವೂ ಇಲ್ಲ, ಕಸುವೂ ಇಲ್ಲ. ಅಂಥವನು ಕುಸ್ತಿ ಗೆಲ್ಲುವುದು ಹೇಗೆ?

ಮಾಟುಂಗಾದಿಂದ:
ಕಿರಿಯಾಳೆನ್ನುತ ಜರೆದರು ಹಲವರು
ಗರಡಿಯ ಮಣ್ಣಲಿ ಬೆಳೆದವ ಜಾಧವ
ಹೊರನಾಡಿಂದಲಿ ಕಂಚನು ತಂದನು
ನರಪೇತಲನೇ ಗೆದ್ದನು ಕುಸ್ತಿಯ

ಪುಣೆಯಿಂದ:
ನಡೆ ಚೆನ್ನಾಗಿದೆ ರಾಯರೇ. ಮಹಾರಾಷ್ಟ್ರದ ಕರಾಡದ ಕಡೆಯ ಕುಸ್ತಿಪಟು ಖಾಶಾಬಾ ಜಾಧವರನ್ನು ನೆನೆದದ್ದು ಇನ್ನೂ ಖುಷಿ. ಆದರೆ ಪೂರಣ ಒಪ್ಪಲಾರೆ. 1952ರಲ್ಲಿ ಹೆಲ್ಸಿಂಕಿಯಿಂದ ಸ್ವತಂತ್ರ ಭಾರತಕ್ಕೆ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ ತಂದವರು ಅವರು. ಆಳು ಚಿಕ್ಕದು, ನಿಜ. ಆ ಮೈಯನ್ನು ನರಪೇತಲ ಅನ್ನಬಹುದಾ? ಅವಧಾನದಲ್ಲಿ, ಅಂದರೆ ಸಭೆಯಲ್ಲೇ ಆಶುವಾಗಿ ಪದ್ಯ ಕಟ್ಟುವ ಕಲೆಯಲ್ಲಿ, ಪ್ರಶ್ನೆ ಹಾಕುವ ಪೃಚ್ಛಕರು ಅಸಂಭವದ ಸಾಲು ಕೊಡುವುದೇ ಅದಕ್ಕೆ. ಪದದ ಅರ್ಥ ಸಡಿಲಿಸಿದರೆ ಸಮಸ್ಯೆಯೇ ಉಳಿಯುವುದಿಲ್ಲ, ಅಲ್ವಾ?

ಬೊರಿವಲಿಯಿಂದ:
ಇಲ್ಲಿ ಮರಾಠಿಯವರು ‘ಕಾಡಿ ಪೈಲವಾನ್’ ಅಂತಾರೆ, ನಮ್ಮ ಕಡ್ಡಿ ಪೈಲ್ವಾನನೇ. ಅವನ ಕುಸ್ತಿಯನ್ನು ಮುಂಬಯಿಯ ಲೋಕಲ್ ರೈಲಿನಲ್ಲಿ ದಿನಾ ನೋಡುತ್ತೇನೆ.
ವಿರಾರ ಲೋಕಲು ಬಾಗಿಲ ಬಳಿಯಲಿ
ಮೊರೆಯುವ ಗುಂಪಿನ ಸಂದಲಿ ನುಸುಳುತ
ಇರದಾ ನಾಲ್ಕನೆ ಸೀಟನು ಹಿಡಿದನು
ನರಪೇತಲನೇ ಗೆದ್ದನು ಕುಸ್ತಿಯ

ಪುಣೆಯಿಂದ:
ಮೂರು ಜನರ ಬೆಂಚಿನಲ್ಲಿ ನಾಲ್ಕನೆಯವನಾಗಿ ಕೂರಲು ಸಣಕಲು ಮೈಯೇ ಬೇಕು! ಅರ್ಥ ಪಕ್ಕಾ. ಒಂದೇ ತೊಡಕು: ‘ವಿರಾರ’ದಲ್ಲಿ ಒಂದು ಮಾತ್ರೆಯ ಲಘು ‘ವಿ’ ಆದ ಕೂಡಲೇ ಎರಡು ಮಾತ್ರೆಯ ಗುರು ‘ರಾ’ ಬಂದಿದೆ. ಗಣ ಹೀಗೆ ಲಗದಿಂದ (ಲಘು, ಆಮೇಲೆ ಗುರು) ಶುರುವಾದರೆ ನಡೆ ಎಡವುತ್ತದೆ. ಜೋರಾಗಿ ಓದಿ ನೋಡಿ, ಗೊತ್ತಾಗುತ್ತದೆ. ‘ಹೊರಡುವ ಲೋಕಲ ಬಾಗಿಲ ಬಳಿಯಲಿ’ ಅಂದರೆ ಸರಿಹೋಗುತ್ತದೆ.

ಮಡಗಾಂವ್‌ನಿಂದ:
ಜ್ವರವೆಂಬಾತನು ತೊಡೆ ತಟ್ಟಿದ್ದನು
ಥರಥರ ನಡುಗಿತು ಎಲುಬಿನ ಗೂಡೂ
ಸುರಿಯಿತು ಬೆವರೂ, ಇಳಿಯಿತು ತಾಪವು
ನರಪೇತಲನೇ ಗೆದ್ದನು ಕುಸ್ತಿಯ

ಮಾಟುಂಗಾದಿಂದ:
ಸೊಗಸಾಗಿದೆ. ಆದರೆ ಜ್ವರ ಬಿಟ್ಟವನು ನಿತ್ರಾಣ ಅಲ್ವಾ? ನರಪೇತಲ ಅನ್ನುವುದು ಸಲಿಗೆಯವರು ಛೇಡಿಸುವ ಮಾತು. ಕಾಯಿಲೆಯವರ ಮುಂದೆ ಯಾರೂ ಆಡುವುದಿಲ್ಲ.

ಪುಣೆಯಿಂದ:
ಆಡಬಾರದು, ಸರಿ. ನಿತ್ರಾಣ ಜ್ವರದ ಜೊತೆ ಬರುತ್ತದೆ, ನಾಲ್ಕು ದಿನ ಗಂಜಿ ಕುಡಿದರೆ ಹೋಗುತ್ತದೆ. ನರಪೇತಲನ ಮೈಕಟ್ಟೇ ಅಂಥದ್ದು. ಮಡಗಾಂವ್ ಅಕ್ಕನ ಪದ್ಯದವನು ಜ್ವರಕ್ಕೆ ಮೊದಲೂ ನರಪೇತಲನೇ, ಆಮೇಲೂ ಅವನೇ. ಅವನಿಗೆ ಎಲ್ಲಿಂದಲೋ ಬಲ ತಂದು ತುಂಬಿಲ್ಲ, ಎದುರಾಳಿಯನ್ನು ಮಾತ್ರ ಬದಲಿಸಿದ್ದಾರೆ. ಈ ವಾರ ನನಗೆ ಅತಿ ಹೆಚ್ಚು ಹಿಡಿಸಿದ್ದು ಇದೇ. ನಿತ್ರಾಣನನ್ನು ಕುಸ್ತಿಗೆ ಇಳಿಸಬೇಕೆಂದರೆ ಪ್ರಾಸ ತ್ರಕಾರವಾಗುತ್ತದೆ. ಮಿತ್ರ, ಚಿತ್ರ, ಪುತ್ರ ಎಲ್ಲ ಸಿಗುತ್ತವೆ. ರಾಯರೇ, ಮುಂದಿನ ವಾರದ ಸಾಲು ನೀವೇ ಕೊಡಿ.