ದ್ರಾಕ್ಷಿ ಕೊಯ್ದವರಿಗೆ ಊಟ, ವಸತಿ ಉಚಿತವಂತೆ

ಚಿಕ್ಕಮ್ಮ (ಹಲವು ಬಾರಿ ಫಾರ್ವರ್ಡ್ ಆದ ಸಂದೇಶ): ದಕ್ಷಿಣ ಫ್ರಾನ್ಸಿನ ಕಡಲತೀರದ ಕ್ಯಾಸಿ ಎಂಬ ಊರಿನಲ್ಲಿ ಸೆಪ್ಟೆಂಬರ್ ತಿಂಗಳಲ್ಲಿ ದ್ರಾಕ್ಷಿ ಕೊಯ್ಯಲು ಆಳುಗಳು ಸಿಗುತ್ತಿಲ್ಲ. ಆದ್ದರಿಂದ ದಿನಕ್ಕೆ ನಾಲ್ಕು ಗಂಟೆ ಕೊಯ್ಲಿಗೆ ಕೈಜೋಡಿಸುವ ಪ್ರವಾಸಿಗರಿಗೆ ಊಟ, ವಸತಿ, ವೈನ್ ಎಲ್ಲವೂ ಉಚಿತ. ಪ್ರವಾಸಿ ವೀಸಾ ಇದ್ದರೆ ಸಾಕು. ಕೂಡಲೇ ನಿಮ್ಮ ಬಳಗಕ್ಕೆಲ್ಲ ಕಳುಹಿಸಿ.

ಚಿಕ್ಕಮ್ಮ: ಮುಂದಿನ ವರ್ಷ ಎಲ್ಲರೂ ಸೇರಿ ಎಲ್ಲಿಗೆ ಹೋಗುವುದೆಂದು ಚರ್ಚಿಸಿ ಚರ್ಚಿಸಿ ಸಾಕಾಗಿದೆ. ಖರ್ಚು ಕೈಮೀರುತ್ತದೆ ಎಂದು ರಾಗ ಎಳೆದವರು ಇದನ್ನು ಒಮ್ಮೆ ಓದಬೇಕು.

ಚಿಕ್ಕಪ್ಪ: ವೈನ್ ಉಚಿತ ಎಂಬ ಸಾಲಿನಿಂದಾಚೆಗೆ ನಾನು ಓದಲಿಲ್ಲ, ಓದುವ ಅಗತ್ಯವೂ ಕಾಣಲಿಲ್ಲ. ನನ್ನ ಹೆಸರನ್ನು ಮೊದಲು ಬರೆದುಕೊಳ್ಳಿ.

ಈ ಗುಂಪಿನಲ್ಲಿ ಮೊಟಕು ಪದಗಳನ್ನು ಬಳಸಬಾರದು, ಏನೇ ಇದ್ದರೂ ಪೂರ್ಣ ವಾಕ್ಯದಲ್ಲಿ ಬರೆಯಬೇಕು ಎಂಬುದು ದೊಡ್ಡಪ್ಪನವರ ಕಟ್ಟಪ್ಪಣೆ. ಹಾಗಾಗಿ ನಮ್ಮಲ್ಲಿ ಜಗಳಗಳೂ ವ್ಯಾಕರಣಬದ್ಧವಾಗಿಯೇ ನಡೆಯುತ್ತವೆ.

ಅಕ್ಕ: ಚಿಕ್ಕಮ್ಮ, ಇದರ ಮೂಲ ಯಾವುದು? ಯಾವ ತೋಟದವರು ಹೇಳಿದ್ದು, ಎಲ್ಲಿ ಪ್ರಕಟವಾದದ್ದು, ಯಾವ ವರ್ಷದ್ದು ಎಂಬುದರಲ್ಲಿ ಒಂದಾದರೂ ಇದರಲ್ಲಿದೆಯೇ?

ಚಿಕ್ಕಮ್ಮ: ನೀನು ಮೂಲವನ್ನೇ ಕೇಳುತ್ತೀಯೆಂದು ನನಗೆ ಗೊತ್ತಿತ್ತು. ಹೋದ ವರ್ಷ ನಾನು ಪಾಸ್‌ಪೋರ್ಟಿನ ಕುರಿತು ಹಾಕಿದ ಸಂದೇಶಕ್ಕೂ ಎಲ್ಲರೆದುರು ಹೀಗೆಯೇ ಪಾಟೀಸವಾಲು ಮಾಡಿದ್ದೆ. ಇದನ್ನು ಕಳುಹಿಸಿದ ನನ್ನ ಗೆಳತಿ ಚೆನ್ನಾಗಿ ಓದಿಕೊಂಡವಳು, ಸುಳ್ಳು ಹೇಳುವವಳಲ್ಲ.

ಅಕ್ಕ: ನಿಮ್ಮ ಗೆಳತಿಯ ಬಗ್ಗೆ ನಾನು ಮಾತನಾಡುತ್ತಿಲ್ಲ. ಸಂದೇಶದ ಜೊತೆಗಿರುವ ಚಿತ್ರವನ್ನು ದೊಡ್ಡದು ಮಾಡಿ ನೋಡಿ. ಎಡಗಡೆ ಲ್ಯಾವೆಂಡರ್ ಹೊಲ ಪೂರ್ತಿ ಅರಳಿ ನೇರಳೆಯಾಗಿದೆ, ಬಲಗಡೆ ಬುಟ್ಟಿಯ ತುಂಬ ಕಪ್ಪು ದ್ರಾಕ್ಷಿಯಿದೆ. ಕ್ಯಾಸಿಯೂ ಸೇರಿರುವ ಪ್ರೊವಾನ್ಸ್ ಪ್ರಾಂತ್ಯದಲ್ಲಿ ಲ್ಯಾವೆಂಡರ್ ಜೂನ್ ಕೊನೆಯಿಂದ ಜುಲೈವರೆಗೆ ಅರಳಿ, ಆಗಸ್ಟ್ ಹೊತ್ತಿಗೆ ಬಹುಪಾಲು ಕಟಾವಾಗಿರುತ್ತದೆ. ದ್ರಾಕ್ಷಿ ಕೊಯ್ಲು ನಡೆಯುವುದು ಆಗಸ್ಟ್ ಕೊನೆಯಲ್ಲಿ ಮತ್ತು ಸೆಪ್ಟೆಂಬರಿನಲ್ಲಿ. ಎರಡೂ ಒಂದೇ ಬಿಸಿಲಿನಲ್ಲಿ ಹೇಗೆ ನಿಂತವು? ಹೆಸರುವಾಸಿಯಾದ ಲ್ಯಾವೆಂಡರ್ ಹೊಲಗಳಿರುವುದು ಕಡಲಿನಿಂದ ಬಹಳ ಒಳಗಿರುವ ವಾಲಾನ್ಸೋಲ್ ಪ್ರಸ್ಥಭೂಮಿಯಲ್ಲಿ. ಕ್ಯಾಸಿಯ ತೋಟಗಳಾದರೋ ಬಿಳಿ ಸುಣ್ಣಕಲ್ಲಿನ ಗುಡ್ಡಗಳ ಇಳಿಜಾರಿನಲ್ಲಿವೆ, ಮತ್ತು ಅಲ್ಲಿ ಹೆಚ್ಚಾಗಿ ಬೆಳೆಯುವುದು ಮಾರ್ಸಾನ್, ಕ್ಲೆರೆಟ್‌ನಂಥ ಬಿಳಿ ದ್ರಾಕ್ಷಿ.

ಅತ್ತೆ: ಚಿತ್ರ ಸುಳ್ಳಾದರೂ ಊರು ಸುಳ್ಳಲ್ಲವಲ್ಲ. ನನಗೆ ಆ ನೇರಳೆ ಹೊಲವನ್ನು ನೋಡಬೇಕೆಂದು ಬಹಳ ಆಸೆಯಿದೆ. ಅದಿಲ್ಲದಿದ್ದರೆ ಅಷ್ಟು ದೂರ ಏಕೆ ಹೋಗಬೇಕು?

ದೊಡ್ಡಪ್ಪ: ಬಿಟ್ಟಿ ಎಂಬ ಮಾತು ಕಿವಿಗೆ ಬಿದ್ದೊಡನೆ ಹೆಸರು ಬರೆಸುವ ಆತುರ ನಮ್ಮ ಮನೆತನಕ್ಕೆ ಹೊಸದು. ಮಕ್ಕಳನ್ನು ಕರೆದುಕೊಂಡು ಹೋಗುವ ಪ್ರವಾಸದಲ್ಲಿ ಅವರಿಗೆ ನಾಲ್ಕು ಒಳ್ಳೆಯ ವಿಷಯಗಳನ್ನು ತೋರಿಸಬೇಕೇ ಹೊರತು, ಹಿರಿಯರು ಪೀಪಾಯಿಗಳ ನಡುವೆ ತೂರಾಡುವುದನ್ನಲ್ಲ. ನನ್ನ ಅಭಿಪ್ರಾಯವನ್ನು ಯಾರೂ ಕೇಳಿಲ್ಲವೆಂಬುದು ನನಗೆ ಗೊತ್ತಿದೆ, ಆದರೂ ಹೇಳುವುದು ನನ್ನ ಕರ್ತವ್ಯ.

ಚಿಕ್ಕಮ್ಮ: ಭಾವನವರೇ, ದಿನಕ್ಕೊಂದು ಲೋಟ ಕೆಂಪು ವೈನ್ ಹೃದಯಕ್ಕೆ ಹಿತವೆಂಬ ಸಂದೇಶವನ್ನು ಇದೇ ಗುಂಪಿಗೆ ಹಾಕಿದವರು ತಾವೇ. ಅದು ಇನ್ನೂ ನನ್ನ ಫೋನಿನಲ್ಲಿದೆ.

ದೊಡ್ಡಪ್ಪ: ಅದು ಆರೋಗ್ಯದ ವಿಚಾರ, ಇದು ನಡತೆಯ ವಿಚಾರ.

ಅಕ್ಕ: ಆರೋಗ್ಯದ ವಿಚಾರವಾಗಿಯೂ ಅದು ನಿಲ್ಲುವುದಿಲ್ಲ, ದೊಡ್ಡಪ್ಪ. ಮದ್ಯದ ಯಾವ ಪ್ರಮಾಣವೂ ಸುರಕ್ಷಿತವಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿದೆ.

ದೊಡ್ಡಪ್ಪ ಸುಮ್ಮನಾದರು. ಗುಂಪಿನಲ್ಲಿ ಮೌನ ಬಿದ್ದಾಗಲೆಲ್ಲ ತನ್ನ ವಿದ್ಯಾರ್ಥಿದೆಸೆಯನ್ನು ಹಿಡಿದುಕೊಂಡು ನುಗ್ಗುವವನು ಅವರ ಮಗ, ನಮಗೆಲ್ಲ ಅಣ್ಣ.

ಅಣ್ಣ: ಕ್ಯಾಸಿ ಎಂದೊಡನೆ ನನಗೆ ಅದರ ಹತ್ತಿರದ ಮಾರ್ಸೇ ನಗರದಲ್ಲಿ ಓದುತ್ತಿದ್ದ ದಿನಗಳು ಕಣ್ಣಿಗೆ ಕಟ್ಟುತ್ತವೆ. ಸುಜಿತೋಂ ಎಂಬ ಕಲಾಂಕಿಗೆ ಇಳಿಯುವ ದಾರಿ ನಮ್ಮ ಲ್ಯುಮಿನಿ ಕ್ಯಾಂಪಸ್ಸಿನ ಪಕ್ಕದಲ್ಲೇ ಶುರುವಾಗುತ್ತಿತ್ತು. ಕಲಾಂಕ್ ಎಂದರೆ ಸುಣ್ಣಕಲ್ಲಿನ ಕಡಿದಾದ ಗೋಡೆಗಳ ನಡುವೆ ಕಡಲು ಒಳನುಗ್ಗಿದ ಕಿರುಕೊಲ್ಲಿ. ಪರೀಕ್ಷೆ ಮುಗಿದ ಮಧ್ಯಾಹ್ನ ಒಂದು ಬ್ರೆಡ್ಡು, ಎರಡು ಬಾಟಲಿ ನೀರು ಹಿಡಿದು, ಪೈನ್ ಮರಗಳ ಅಂಟಿನ ವಾಸನೆಯಲ್ಲಿ ಕಲ್ಲಿನಿಂದ ಕಲ್ಲಿಗೆ ಹಾರುತ್ತಾ ಇಳಿದು, ಬೆನ್ನು ಸುಡುವವರೆಗೆ ಬಂಡೆಯ ಮೇಲೆ ಮಲಗುತ್ತಿದ್ದೆವು. ಯಾರ ಅನುಮತಿಯೂ ಬೇಕಿರಲಿಲ್ಲ.

ಅಕ್ಕ: ಈಗ ಬೇಕು. ಕಲಾಂಕುಗಳು 2012ರಲ್ಲಿ ರಾಷ್ಟ್ರೀಯ ಉದ್ಯಾನವಾದವು. ಒಂದೇ ದಿನ 2,500 ಜನರವರೆಗೆ ನುಗ್ಗಿ, ತುಳಿತಕ್ಕೆ ಮಣ್ಣು ಸವೆದು ನೀನು ಹೇಳುವ ಪೈನ್ ಮರಗಳ ಬೇರುಗಳೇ ಹೊರಬಂದಿದ್ದರಿಂದ, 2022ರಿಂದ ಬೇಸಿಗೆಯ ದಟ್ಟಣೆಯ ದಿನಗಳಲ್ಲಿ ಸುಜಿತೋಂಗೆ ದಿನಕ್ಕೆ 400 ಜನರನ್ನು ಮಾತ್ರ ಬಿಡುತ್ತಾರೆ. ಹಣ ಕೊಡಬೇಕಿಲ್ಲ, ಆದರೆ ಮೊದಲೇ ಕಾಯ್ದಿರಿಸಬೇಕು. ಇದಲ್ಲದೆ ಜೂನ್ 1ರಿಂದ ಸೆಪ್ಟೆಂಬರ್ 30ರವರೆಗೆ ಕಾಳ್ಗಿಚ್ಚಿನ ಅಪಾಯವನ್ನು ನೋಡಿಕೊಂಡು ಆ ಗುಡ್ಡಗಳ ಪ್ರವೇಶವನ್ನು ದಿನದಿನಕ್ಕೆ ತೀರ್ಮಾನಿಸುತ್ತಾರೆ. ನಾಳೆ ತೆರೆದಿರುತ್ತದೆಯೋ ಇಲ್ಲವೋ ಎಂಬುದು ಹಿಂದಿನ ಸಂಜೆಗೆ ತಿಳಿಯುತ್ತದೆ.

ಅತ್ತೆ: ಕಾಯ್ದಿರಿಸುವ ಮಾತು ಬಂದದ್ದರಿಂದ ಕೇಳುತ್ತೇನೆ. ಹೋದ ಸಲ ಹಣ ಹಿಂದಿರುಗದ ಕೋಣೆಗಳನ್ನು ಯಾರನ್ನೂ ಕೇಳದೆ ಕಾಯ್ದಿರಿಸಿದವರು ಯಾರು, ಮತ್ತು ಆ ನಷ್ಟದಲ್ಲಿ ನನ್ನ ಪಾಲೆಷ್ಟೆಂಬ ಲೆಕ್ಕ ಈವರೆಗೆ ಏಕೆ ಬಂದಿಲ್ಲ?

ಚಿಕ್ಕಪ್ಪ: ಕೊನೆಯ ವಾರದಲ್ಲಿ ಮೊಣಕಾಲು ನೋವೆಂದು ಹಿಂದೆ ಸರಿದವಳು ನೀನು. ಕಾಯ್ದಿರಿಸಿದ್ದು ನಾನಾದರೂ ಕೋಣೆ ಖಾಲಿ ಬಿದ್ದದ್ದು ನನ್ನಿಂದಲ್ಲ.

ಅತ್ತೆ: ನೋವು ಬಂದಿದ್ದು ನಿಜ. ಇಲ್ಲಿ ಯಾರಿಗಾದರೂ ಅದರಲ್ಲಿ ಅನುಮಾನವಿದ್ದರೆ ನೇರವಾಗಿ ಹೇಳಲಿ.

ಯಾರೂ ಹೇಳಲಿಲ್ಲ. ಅನುಮಾನ ಇಬ್ಬರಿಗಾದರೂ ಇತ್ತು. ವಾದ ಮೊಣಕಾಲಿಗಿಳಿದಿದ್ದರಿಂದ, ಇದನ್ನು ಮತ್ತೆ ದ್ರಾಕ್ಷಿತೋಟಕ್ಕೆ ತರಬೇಕೆಂದುಕೊಂಡು ನಾನು ಸ್ವಲ್ಪ ದೀರ್ಘವಾಗಿಯೇ ಬರೆದೆ.

ನಾನು: ಸಂದೇಶದ ತಿರುಳನ್ನು ಯಾರೂ ಮುಟ್ಟಿಲ್ಲ. ಫ್ರಾನ್ಸಿನಲ್ಲಿ ದ್ರಾಕ್ಷಿ ಕೊಯ್ಲೆಂದರೆ ಕೆಲಸ. ಅದಕ್ಕೆಂದೇ ಒಂದು ತಿಂಗಳು ಮೀರದ ಪ್ರತ್ಯೇಕ ಒಪ್ಪಂದವಿದೆ, ಕಾನೂನಿನ ಕನಿಷ್ಠ ವೇತನವನ್ನು ಕೊಡಲೇಬೇಕು. ಊಟ ಹಾಕಿ, ಮಲಗಲು ಜಾಗ ಕೊಟ್ಟು, ಕೂಲಿಯಿಲ್ಲದೆ ದುಡಿಸಿಕೊಂಡರೆ ಅದು ಕದ್ದು ಮಾಡಿಸಿದ ದುಡಿಮೆಯೆನಿಸಿಕೊಂಡು ತೋಟದವನೇ ಸಿಕ್ಕಿಬೀಳುತ್ತಾನೆ. ಪ್ರವಾಸಿ ವೀಸಾದ ಮೇಲೆ ಹೋದವರಿಗೆ ಕೆಲಸ ಮಾಡುವ ಹಕ್ಕೇ ಇಲ್ಲ. ಕೆಲವು ತೋಟಗಳಲ್ಲಿ ಪ್ರವಾಸಿಗರಿಗೆಂದು ಅರ್ಧ ದಿನದ ಕೊಯ್ಲನ್ನು ಏರ್ಪಡಿಸುವುದುಂಟು. ಕತ್ತರಿ, ಬುಟ್ಟಿ ಕೊಟ್ಟು, ಒಂದೆರಡು ಸಾಲು ಕೊಯ್ಯಿಸಿ, ಮಧ್ಯಾಹ್ನ ಊಟ ಬಡಿಸುತ್ತಾರೆ. ಆದರೆ ಅಲ್ಲಿ ಹಣ ಕೊಡುವವರು ನಾವು.

ಇದಕ್ಕೆ ಸಿಕ್ಕ ಉತ್ತರವೆಂದರೆ ಚಿಕ್ಕಪ್ಪನ ಒಂದು ಹೆಬ್ಬೆರಳು.

ಚಿಕ್ಕಮ್ಮ: ಅಂದರೆ ನಾನು ಎಲ್ಲರನ್ನೂ ಜೈಲಿಗೆ ಕಳುಹಿಸಲು ಹೊರಟಿದ್ದೆನೆಂದು ಅರ್ಥ. ಒಳ್ಳೆಯದು. ಇನ್ನು ಮುಂದೆ ಶುಭೋದಯವನ್ನೂ ಮೂಲ ಸಹಿತ ಕಳುಹಿಸುತ್ತೇನೆ.

ಚಿಕ್ಕಪ್ಪ: ವೈನ್ ಉಚಿತವಲ್ಲವೆಂಬ ಒಂದು ಮಾತು ಬಿಟ್ಟರೆ ಉಳಿದದ್ದು ನನಗೆ ಒಪ್ಪಿಗೆ. ಕ್ಯಾಸಿಯಲ್ಲಿ ಬಿಳಿಯದೇ ಹೆಚ್ಚೆಂದರೆ ಕೆಂಪಿಗೆ ಎಲ್ಲಿಗೆ ಹೋಗಬೇಕು?

ಅಣ್ಣ: ಅದೇ ಕಡಲತೀರದ ಬಾಂದೋಲ್ ಎಂಬ ಊರಿಗೆ, ಚಿಕ್ಕಪ್ಪ. ಪ್ರೊವಾನ್ಸಿನ ವೈನಿನಲ್ಲಿ ನೂರಕ್ಕೆ ತೊಂಬತ್ತರಷ್ಟು ನಸುಗೆಂಪು ರೊಜೇ. ಬಾಂದೋಲ್ ಹೆಸರು ಮಾಡಿರುವುದು ಮಾತ್ರ ಮೂರ್ವೆದ್ರ್ ದ್ರಾಕ್ಷಿಯ ಗಾಢ ಕೆಂಪಿನಿಂದ. ಕನಿಷ್ಠ 18 ತಿಂಗಳು ಮರದ ಪೀಪಾಯಿಯಲ್ಲಿ ಇರಿಸದೆ ಅಲ್ಲಿನ ಕೆಂಪು ವೈನನ್ನು ಆ ಹೆಸರಿನಲ್ಲಿ ಮಾರುವಂತಿಲ್ಲ. ಯಂತ್ರದಿಂದ ಕೊಯ್ಯುವಂತಿಲ್ಲ, ಕೈಯಿಂದಲೇ ಆಗಬೇಕು. ವೈನಿಗೆ ತನ್ನ ಊರಿನ ಹೆಸರಿಡುವ ಕಾನೂನಿನ ಹಕ್ಕು ಕ್ಯಾಸಿಗೆ 1936ರಲ್ಲಿ ಸಿಕ್ಕಿತು, ಬಾಂದೋಲಿಗೆ 1941ರಲ್ಲಿ. ನಮ್ಮ ಕಾಲದಲ್ಲಿ ಒಬ್ಬ ಮುದುಕ…

ಅಕ್ಕ: ಮುದುಕನ ಕಥೆ ನಮಗೆ ಬಾಯಿಪಾಠವಾಗಿದೆ.

ದೊಡ್ಡಪ್ಪ: ಹೋಗುವುದೇ ಖಂಡಿತವೆಂದಾದರೆ ನನ್ನದೊಂದು ಷರತ್ತಿದೆ. ತೋಟಕ್ಕೆ ಹೋಗುವ ದಿನ ಯಾರೊಬ್ಬರೂ ಕಾರಿನ ಚಕ್ರ ಹಿಡಿಯಕೂಡದು. ಈ ಮಾತನ್ನು ಯಾರೂ ಹಳೆಯ ಸಂದೇಶ ತೆಗೆದು ಅಳೆಯಬಾರದು.

ಅಕ್ಕ: ಈ ಮಾತಿಗೆ ನನ್ನ ಪೂರ್ಣ ಬೆಂಬಲವಿದೆ. ಅಲ್ಲಿ ಲೀಟರ್ ರಕ್ತಕ್ಕೆ 0.5 ಗ್ರಾಂ ಮದ್ಯ ಕಂಡರೆ ಚಾಲಕನಿಗೆ ದಂಡ, ಹೊಸದಾಗಿ ಲೈಸೆನ್ಸ್ ಪಡೆದವನಿಗೆ ಮಿತಿ 0.2 ಮಾತ್ರ. ಕಾರು ಬೇಕಾಗಿಯೂ ಇಲ್ಲ. ಮಾರ್ಸೇಯಿಂದ ತುಲೋಂಗೆ ಹೋಗುವ ರೈಲು ಕ್ಯಾಸಿ, ಲಾ ಸಿಯೋತಾ, ಬಾಂದೋಲ್ ಮೂರನ್ನೂ ಮುಟ್ಟುತ್ತದೆ. ಆದರೆ ಕ್ಯಾಸಿಯ ನಿಲ್ದಾಣ ಬಂದರಿನಿಂದ ಮೂರು ಕಿಲೋಮೀಟರಿಗೂ ದೂರದಲ್ಲಿದೆಯೆಂಬುದನ್ನು ಮೊಣಕಾಲಿನವರು ಗಮನಿಸಬೇಕು. ಅಲ್ಲಿಂದ ಬಸ್ಸು ಹಿಡಿಯಬೇಕಾಗುತ್ತದೆ.

ಅತ್ತೆ: ಮೊಣಕಾಲಿನವರು ಎಂಬ ಬಹುವಚನ ಗೌರವಕ್ಕೋ ಕುಹಕಕ್ಕೋ ತಿಳಿಯಲಿಲ್ಲ. ಹೇಗಾದರೂ ಸರಿ, ನಾನು ಜುಲೈಗೆ ಮತ ಹಾಕುತ್ತೇನೆ.

ಅಣ್ಣ: ಅತ್ತೆ, ಜುಲೈಯಲ್ಲಿ ಹೊಲಗಳು ಸಿಗುತ್ತವೆ, ಕಡಲತೀರ ಸಿಗುವುದಿಲ್ಲ. ಜನಜಂಗುಳಿ, ಉರಿಬಿಸಿಲು, ಗುಡ್ಡ ಮುಚ್ಚಿದ ದಿನಗಳೂ ಆಗಲೇ ಹೆಚ್ಚು. ಯಾವ ತಿಂಗಳಿಗೆ ಹೋದರೂ ಮಿಸ್ತ್ರಾಲ್ ಗಾಳಿಗೆಂದು ಒಂದೆರಡು ದಿನ ಕೈಯಲ್ಲಿರಲಿ. ರೋನ್ ಕಣಿವೆಯಲ್ಲಿ ಇಳಿದು ಬರುವ ಈ ವಾಯವ್ಯದ ಗಾಳಿ ದ್ರಾಕ್ಷಿಯ ತೇವವನ್ನು ಒಣಗಿಸಿ ಬೂಷ್ಟು ಹಿಡಿಯದಂತೆ ಕಾಪಾಡುತ್ತದೆಯೆಂದು ರೈತರು ಅದನ್ನು ಹೊಗಳುತ್ತಾರೆ, ಈಜುವವರು ಬೈಯುತ್ತಾರೆ. ಅದು ಮೇಲಿನ ಬಿಸಿ ನೀರನ್ನು ದಡದಿಂದ ಆಚೆಗೆ ತಳ್ಳಿದಾಗ ಆಳದ ತಣ್ಣನೆಯ ನೀರು ಮೇಲೇಳುತ್ತದೆ. ನಿನ್ನೆ ಹಾಯಾಗಿ ಇಳಿದಿದ್ದ ಕಡಲಿನಲ್ಲಿ ಇಂದು ಪಾದ ಇಟ್ಟರೆ ಮರಗಟ್ಟುತ್ತದೆ, ಮೇಲೆ ಮಾತ್ರ ಆಕಾಶ ತೊಳೆದಿಟ್ಟಂತೆ ನೀಲಿಯಾಗಿರುತ್ತದೆ. ಅಂಥ ದಿನ ದೋಣಿಗಳು ಹೊರಡುವುದಿಲ್ಲ, ಕ್ಯಾಪ್ ಕನಾಯ್ ಎಂಬ ಕಡಿದಾದ ಕಡಲಬಂಡೆಯ ಮೇಲೆ ಲಾ ಸಿಯೋತಾಗೆ ಹೋಗುವ ರಸ್ತೆಯನ್ನೂ ಮುಚ್ಚುತ್ತಾರೆ.

ಅಣ್ಣ ಒಂದು ಸಂದೇಶದಲ್ಲಿ ಇಷ್ಟು ಉಪಯೋಗಕ್ಕೆ ಬಂದದ್ದು ನನ್ನ ನೆನಪಿನಲ್ಲಿ ಇದೇ ಮೊದಲು. ಮತ ಎಣಿಸಿದಾಗ ಅತ್ತೆಯೊಬ್ಬರ ಹೊರತು ಎಲ್ಲರೂ ಸೆಪ್ಟೆಂಬರ್ ಎಂದರು. ದೊಡ್ಡಪ್ಪ ಯಾವುದಕ್ಕೂ ಮತ ಹಾಕದೆ, ಫಲಿತಾಂಶವನ್ನು ತಾವೇ ಘೋಷಿಸಿದರು.

ಅಕ್ಕ: ಹಾಗಾದರೆ ಕೋಣೆಗಳನ್ನು ರದ್ದುಪಡಿಸಬಹುದಾದ ಷರತ್ತಿನ ಮೇಲೆ ನಾನೇ ಕಾಯ್ದಿರಿಸುತ್ತೇನೆ. ಫ್ರಾನ್ಸೂ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾಕ್ಕೆ ದೊಡ್ಡವರಿಗೆ ತಲಾ 90 ಯೂರೋ, 6ರಿಂದ 11 ವರ್ಷದ ಮಕ್ಕಳಿಗೆ 45. ಕನಿಷ್ಠ 30,000 ಯೂರೋ ಮೊತ್ತದ ಪ್ರವಾಸ ವಿಮೆ ಕಡ್ಡಾಯ. ಹೊರಡುವ ದಿನಕ್ಕೆ ಆರು ತಿಂಗಳಿಗಿಂತ ಮುಂಚೆ ಅರ್ಜಿ ತೆಗೆದುಕೊಳ್ಳುವುದಿಲ್ಲ, 15 ದಿನಕ್ಕಿಂತ ತಡವಾದರೂ ತೆಗೆದುಕೊಳ್ಳುವುದಿಲ್ಲ. ಕೊಯ್ಲು, ಕೆಲಸ, ಉಚಿತ ವಸತಿ ಎಂಬ ಪದಗಳನ್ನು ಅರ್ಜಿಯಲ್ಲಿ ಯಾರೂ ಬರೆಯಬಾರದು, ಸಂದರ್ಶನದಲ್ಲಿ ತಮಾಷೆಗೂ ಆಡಬಾರದು. ಚಿಕ್ಕಪ್ಪ, ಇದು ನಿಮಗೆ.

ಚಿಕ್ಕಮ್ಮ: ಊರೂ ತಿಂಗಳೂ ಯಾರ ಸಂದೇಶದಿಂದ ಬಂದವೆಂಬುದನ್ನು ಗುಂಪಿನವರು ಮರೆಯದಿದ್ದರೆ ನನಗಷ್ಟು ಸಾಕು.

ಅಕ್ಕ: ಅದನ್ನು ಒಪ್ಪುತ್ತೇನೆ, ಚಿಕ್ಕಮ್ಮ. ಇನ್ನು ಎಲ್ಲರೂ ಪಾಸ್‌ಪೋರ್ಟಿನ ಮೊದಲ ಪುಟದ ಚಿತ್ರವನ್ನು ನನಗೆ ಕಳುಹಿಸಿ. ಗುಂಪಿಗೆ ಹಾಕಬೇಡಿ, ನನ್ನೊಬ್ಬಳಿಗೆ ಪ್ರತ್ಯೇಕವಾಗಿ ಕಳುಹಿಸಿ.

ಮರುನಿಮಿಷದಲ್ಲೇ ಚಿಕ್ಕಪ್ಪನ ಪಾಸ್‌ಪೋರ್ಟ್ ಗುಂಪಿಗೆ ಬಂದು ಬಿತ್ತು.