ಓದುಗರ ಸ್ಪಂದನ: ದವಡೆ ಆಪರೇಷನ್‌ಗೆ ಅಮ್ಮ ಒಪ್ಪುತ್ತಿಲ್ಲ

ಕಳೆದ ವಾರದ ಸಮಸ್ಯೆ: ನಾನು ತುಮಕೂರಿನವಳು, ವಯಸ್ಸು 22. ಕೆಳದವಡೆ ಮುಂದೆ ಬಂದಿದೆ. ಮುಂದಿನ ಹಲ್ಲುಗಳು ಕೂಡುವುದಿಲ್ಲ, ಒಂದು ಸೀಬೆಹಣ್ಣು ಕಚ್ಚಲೂ ಆಗದು. ಕ್ಲಿಪ್ ಹಾಕಿ ಆಮೇಲೆ ಆಪರೇಷನ್ ಮಾಡಬೇಕು ಎಂದಿದ್ದಾರೆ ಡಾಕ್ಟರು. ಮದುವೆ ವಯಸ್ಸಿನಲ್ಲಿ ಮುಖಕ್ಕೆ ಕತ್ತರಿ ಹಾಕಿಸೋದು ಬೇಡ ಎಂದು ಅಮ್ಮನ ಹಟ. ಏನು ಮಾಡಲಿ?

ತಂಗಿ, ನಿನ್ನ ಸೀಬೆಹಣ್ಣಿನ ಮಾತು ಓದಿ ನಗು ಬಂತು. ನಾನೂ ಚಾಕು ಹಿಡಿದೇ ಹಣ್ಣು ತಿಂದವಳು. 26ನೇ ವಯಸ್ಸಿಗೆ ಆಪರೇಷನ್ ಆಯಿತು. ಮೊದಲು ಅಮ್ಮನಿಗೆ ಇದನ್ನು ಹೇಳು: ಕೊಯ್ಯುವುದು ಬಾಯಿಯ ಒಳಗಿನಿಂದ. ನನ್ನ ಮುಖದ ಮೇಲೆ ಒಂದು ಗೀರೂ ಇಲ್ಲ. ಪೂರ್ತಿ ಪ್ರಜ್ಞೆ ತಪ್ಪಿಸಿ, ಮೂಳೆ ಕತ್ತರಿಸಿ ಸರಿಸಿ, ಟೈಟಾನಿಯಂ ಪಟ್ಟಿ, ಸ್ಕ್ರೂಗಳಿಂದ ಕೂರಿಸುತ್ತಾರೆ. ಅದು ಕೆಲವು ಗಂಟೆಯ ಕೆಲಸ.

ಕಷ್ಟ ಇರುವುದು ಅದರ ಹಿಂದೆ, ಮುಂದೆ. ಕ್ಲಿಪ್ಪೇ ಒಂದು, ಒಂದೂವರೆ ವರ್ಷ. ಇಷ್ಟು ದಿನ ದವಡೆಯ ಅಂತರ ಮುಚ್ಚಲು ಹಲ್ಲುಗಳು ವಾಲಿಕೊಂಡಿರುತ್ತವೆ. ಅವನ್ನು ನೆಟ್ಟಗೆ ಮಾಡಿದಾಗ ಅಂತರ ಇನ್ನೂ ಜಾಸ್ತಿ ಕಾಣುತ್ತದೆ. 'ದುಡ್ಡು ಕೊಟ್ಟು ಹಾಳು ಮಾಡಿಸಿಕೊಂಡೆಯಾ' ಎಂದು ನಮ್ಮ ಸೋದರತ್ತೆ ಕೇಳಿದ್ದೂ ಆಯಿತು.

ಆಮೇಲಿನ ಕಥೆ ತುಟಿಯದು. ಕೆಳತುಟಿ, ಗಲ್ಲ ಎರಡೂ ಜೋಮು ಹಿಡಿದಂತೆ. ರಾಗಿ ಗಂಜಿ ಗಲ್ಲದ ಮೇಲೆ ಇಳಿದು ದುಪ್ಪಟ್ಟಾಕ್ಕೆ ಬಿದ್ದರೂ ನನಗೆ ಗೊತ್ತಾಗುತ್ತಿರಲಿಲ್ಲ. ಕನ್ನಡಿ ಎದುರು ಕೂತೇ ಕುಡಿಯುತ್ತಿದ್ದೆ. ಎಂಟು ತಿಂಗಳಿಗೆ ಬಹುಪಾಲು ಸರಿಹೋಯಿತು, ಎಡಗಡೆ ನಾಲ್ಕಾಣೆಯಷ್ಟು ಜಾಗ ಇವತ್ತಿಗೂ ಮಂದ. ಕೆಲವರಿಗೆ ಇದು ಪೂರ್ತಿ ಹೋಗುವುದೇ ಇಲ್ಲ. ಸಹಿ ಹಾಕುವ ಮುಂಚೆ ಇದೊಂದನ್ನು ಬಿಡಿಸಿ ಕೇಳು.

ಆರು ವಾರ ಅಗಿಯುವಂತಿರಲಿಲ್ಲ. ಏಳನೇ ವಾರ ಕ್ಯಾತ್ಸಂದ್ರದಲ್ಲಿ ಬಸ್ ಇಳಿದು ತಟ್ಟೆ ಇಡ್ಲಿ ತೆಗೆದುಕೊಂಡೆ. ಅರ್ಧಕ್ಕೇ ದವಡೆ ಸುಸ್ತು. ಉಳಿದದ್ದನ್ನು ಕಟ್ಟಿಸಿಕೊಂಡೆ.
– ಓದುಗರು, ತಿಪಟೂರು

ನಾನು ಬರೆಯುತ್ತಿರುವುದು ನಿನ್ನ ತಾಯಿಗೆ. ಅಕ್ಕಾ, ನನ್ನ ಮಗನಿಗೆ 20ಕ್ಕೆ ಮಾಡಿಸಿದೆವು. ಬೆಳವಣಿಗೆ ನಿಲ್ಲಲಿ ಎಂದು ಅಲ್ಲಿಯವರೆಗೆ ಕಾಯಿಸಿದ್ದರು. ಮೂರನೇ ದಿನ ಊತ ಎಷ್ಟೆಂದರೆ ಕಣ್ಣು ಮುಚ್ಚಿಹೋಗಿತ್ತು. ಡಾಕ್ಟರು ಮೊದಲೇ ಹೇಳಿದ್ದರೂ ನಾನು ಅತ್ತುಬಿಟ್ಟೆ. ಹಲ್ಲಿಗೆ ರಬ್ಬರ್ ಬಿಗಿದಿರುತ್ತಾರೆ, ಮಾತು ಸರಿ ಬರುವುದಿಲ್ಲ, ಕೈಗೊಂದು ನೋಟ್‌ಬುಕ್ ಕೊಡಿ. ಅನ್ನ, ಸಾರು ಮಿಕ್ಸಿಗೆ ಹಾಕಿ, ಸೋಸಿ, ಮತ್ತೆ ಸೋಸಿ, ಸಿರಿಂಜಿನಲ್ಲಿ ಕೆನ್ನೆಯ ಸಂದಿಗೆ ಬಿಡಬೇಕು. ಒಂದು ಸಾಸಿವೆ ಕಾಳು ಸಿಕ್ಕಿಕೊಂಡರೂ ಪ್ರಾಣ ಹಿಂಡುತ್ತದೆ. ಒಗ್ಗರಣೆ ಬಿಟ್ಟೇ ಬಿಡಿ. ಎರಡು ದಿಂಬು ಇಟ್ಟು ತಲೆ ಎತ್ತರಿಸಿ ಮಲಗಿಸಿ. ನೆಂಟರನ್ನು ಹದಿನೈದು ದಿನ ಬಾಗಿಲಲ್ಲೇ ತಡೆಯಿರಿ. ಬಂದವರು ಸುಮ್ನೆ ಇರುತ್ತಾರಾ? 'ಚೆನ್ನಾಗಿದ್ದ ಹುಡುಗ' ಅನ್ನುತ್ತಾರೆ.
– ಒಬ್ಬ ತಾಯಿ, ಗುಬ್ಬಿ

ನನಗೂ ಇದೇ ಆಪರೇಷನ್ ಹೇಳಿದ್ದರು. ಮಾಡಿಸಲಿಲ್ಲ. ಈಗ 48 ವರ್ಷ, ಮದುವೆಯೂ ಆಯಿತು, ಮಕ್ಕಳೂ ಆದವು. ಆದರೆ ಭಾರವೆಲ್ಲ ಹಿಂದಿನ ಹಲ್ಲುಗಳ ಮೇಲೆ ಬಿದ್ದು ಸವೆದಿವೆ, ಎರಡಕ್ಕೆ ಕ್ಯಾಪ್ ಹಾಕಿಸಿದ್ದೇನೆ. ನಿಮ್ಮಷ್ಟು ವಯಸ್ಸಿಗೆ ಯಾರಾದರೂ ಸರಿಯಾಗಿ ವಿವರಿಸಿದ್ದರೆ ಮಾಡಿಸಿಕೊಳ್ಳುತ್ತಿದ್ದೆನೋ ಏನೋ. ಬೆಂಗಳೂರಿನ ಸರ್ಕಾರಿ ದಂತ ಕಾಲೇಜಿನಲ್ಲಿ ಇನ್ನೊಮ್ಮೆ ತೋರಿಸಿ. ವಿಮೆ ಇದ್ದರೆ ಒಂದು ಎಚ್ಚರ: ಬರೀ ಚಂದಕ್ಕೆ ಎಂದರೆ ಸಾಮಾನ್ಯವಾಗಿ ಹಣ ಕೊಡುವುದಿಲ್ಲ. ಕಚ್ಚಲು, ಅಗಿಯಲು ತೊಂದರೆ ಇದೆ ಎಂದು ಡಾಕ್ಟರ ಹತ್ತಿರ ಬರೆಸಿಕೊಂಡು, ಮೊದಲೇ ಕಂಪನಿಗೆ ಕಳಿಸಿ. ಉತ್ತರ ಫೋನಿನಲ್ಲಿ ಬೇಡ, ಕಾಗದದಲ್ಲೇ ಬರಲಿ.
– ಓದುಗರು, ಶಿರಾ