ಸಹಾಯ ಬೇಕು: ಹಳೇ ‘ಟರ್ನಿಂಗ್ ಪಾಯಿಂಟ್’ ಕಂತುಗಳು ಯಾರ ಹತ್ತಿರಾದ್ರೂ ಇವೆಯಾ?

ಎಲ್ಲರಿಗೂ ನಮಸ್ಕಾರ. 1990ರ ದಶಕದ ಶುರುವಿನಲ್ಲಿ ದೂರದರ್ಶನದಲ್ಲಿ ಬರ್ತಿದ್ದ ವಿಜ್ಞಾನದ ಕಾರ್ಯಕ್ರಮ ‘ಟರ್ನಿಂಗ್ ಪಾಯಿಂಟ್’ ನೆನಪಿದೆಯಾ? ನಮ್ಮ ಗಿರೀಶ್ ಕಾರ್ನಾಡರು ನಡೆಸಿಕೊಡುತ್ತಿದ್ದರಲ್ಲ, ಅದೇ. ನನಗೆ ಅದರಲ್ಲಿ ಜಾಸ್ತಿ ಇಷ್ಟವಾಗಿದ್ದು ಪ್ರೊಫೆಸರ್ ಯಶ್ ಪಾಲ್ ಅವರ ಭಾಗ. ನೋಡುಗರು ಬರೆದು ಕಳಿಸಿದ ಪ್ರಶ್ನೆಗಳಿಗೆ ಅವರು ನಗುತ್ತಾ, ಪಕ್ಕದ ಮನೆಯ ತಾತ ಹೇಳಿದ ಹಾಗೆ ಉತ್ತರ ಕೊಡುತ್ತಿದ್ದರು. ಯಾವ ಪ್ರಶ್ನೆಯನ್ನೂ ಸಣ್ಣದು ಅಂತ ತಳ್ಳಿಹಾಕುತ್ತಿರಲಿಲ್ಲ.

ಯಶ್ ಪಾಲ್ 2017ರಲ್ಲಿ, ಕಾರ್ನಾಡರು 2019ರಲ್ಲಿ ತೀರಿಕೊಂಡರು. ಈಗ ಮಗಳಿಗೆ ತೋರಿಸೋಣ ಅಂತ ಹುಡುಕಿದರೆ ನನಗೆ ಪೂರ್ತಿ ಕಂತು ಒಂದೂ ಸಿಗುತ್ತಿಲ್ಲ.

ಆಗ ವಿಸಿಆರ್ ಇದ್ದ ಮನೆಗಳಲ್ಲಿ, ಶಾಲೆಗಳಲ್ಲಿ, ವಿಜ್ಞಾನ ಸಂಘಗಳಲ್ಲಿ ಯಾರಾದರೂ ರೆಕಾರ್ಡ್ ಮಾಡಿಟ್ಟಿರಬಹುದು ಅಲ್ವಾ? ಅಟ್ಟದ ಮೇಲಿನ ಕ್ಯಾಸೆಟ್‌ಗಳನ್ನು ದಯವಿಟ್ಟು ಒಮ್ಮೆ ನೋಡಿ, ಮೇಲೆ ಬೇರೆ ಸಿನಿಮಾದ ಹೆಸರು ಬರೆದಿದ್ದರೂ ಬಿಡಬೇಡಿ, ಎಷ್ಟೋ ಸಲ ಕೊನೆಯಲ್ಲಿ ಬೇರೇನೋ ಉಳಿದಿರುತ್ತದೆ. ಟೇಪಿಗೆ ಬಿಳಿ ಬೂಷ್ಟು ಹಿಡಿದಿದ್ದರೆ ಮಾತ್ರ ಸುಮ್ನೆ ಹಾಕಿ ನೋಡಬೇಡಿ, ಪ್ಲೇಯರ್ ಹೆಡ್ (ಟೇಪ್ ಓದುವ ಭಾಗ) ಕೂಡ ಕೆಡುತ್ತದೆ. ಡಿಜಿಟಲ್ ಮಾಡಿಸುವ ಖರ್ಚು ನನ್ನದು, ಕ್ಯಾಸೆಟ್ ಜೋಪಾನವಾಗಿ ವಾಪಸ್ ಕೊಡುತ್ತೇನೆ. ಅರ್ಧ ಕಂತು ಇದ್ದರೂ ತಿಳಿಸಿ.